ಕೂಡೋಸ್ ಪದ: ಕೀರ್ತಿಯೋ, ಶಹಬ್ಬಾಸೋ? ಏಕವಚನವೋ, ಬಹುವಚನವೋ?

ಪದದ ಬೆನ್ನು ಹತ್ತಿ ಕೇಳಿದ್ದು:

ಇಂಗ್ಲಿಷಿನ ಕೂಡೋಸ್ (kudos) ಪದದ ಬಗ್ಗೆ ಕೆಲವು ಗೊಂದಲಗಳಿವೆ, ತಿಳಿದವರು ಬಿಡಿಸಿ ಹೇಳಬೇಕು.

ಹಳೆಯ ನಿಘಂಟುಗಳಲ್ಲಿ ಇದಕ್ಕೆ ಕೀರ್ತಿ, ಖ್ಯಾತಿ ಎಂಬ ಅರ್ಥ ಕೊಟ್ಟಿದ್ದಾರೆ. ಆದರೆ ಈಗ ಕಚೇರಿಯ ಇಮೇಲ್‌ನಲ್ಲಿ, ಗುಂಪಿನ ಸಂದೇಶಗಳಲ್ಲಿ ಕಾಣುವುದೆಲ್ಲ "ಕೂಡೋಸ್ ಟು ದ ಟೀಮ್" ಎಂಬ ಬಗೆಯ ಬಳಕೆ. ಅಲ್ಲಿ ಕೀರ್ತಿ ಎಂದರೆ ಹೊಂದುವುದೇ ಇಲ್ಲ, ಶಹಬ್ಬಾಸ್ ಎಂದರೆ ಸರಿಹೋಗುತ್ತದೆ. ಎರಡರಲ್ಲಿ ಮೂಲ ಅರ್ಥ ಯಾವುದು, ಒಂದರಿಂದ ಇನ್ನೊಂದು ಹೇಗೆ ಹುಟ್ಟಿತು?

ಎರಡನೆಯದು ವ್ಯಾಕರಣ. ಕೊನೆಯ ಎಸ್ ಬಹುವಚನದ್ದೇ? ಕೆಲವರು "ಎ ಕೂಡೋ" ಎಂದು ಏಕವಚನ ಮಾಡಿಯೂ ಬರೆಯುತ್ತಾರೆ. ಕ್ರಿಯಾಪದ "ಈಸ್" ಬರಬೇಕೋ "ಆರ್" ಬರಬೇಕೋ?

ಗ್ರೀಕ್ ಮೂಲ ಅಂತ ಎಲ್ಲ ಕಡೆ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಗ್ರೀಕರು ಅದನ್ನು ಯಾವಾಗ, ಯಾರಿಗೆ ಹೇಳುತ್ತಿದ್ದರು? ಫೇಮ್, ರಿನೌನ್, ಗ್ಲೋರಿ ಇವುಗಳಿಗೂ ಇದಕ್ಕೂ ವ್ಯತ್ಯಾಸ ಏನು? ಉಚ್ಚಾರಣೆ ಯಾವುದು ಸರಿ ಎಂಬುದನ್ನೂ ಸೇರಿಸಿ ಹೇಳಿದರೆ ಉಪಕಾರ.

ನಿಘಂಟಿನ ಹುಳು ಉತ್ತರ:

ಮೊದಲು ವ್ಯಾಕರಣದ ಮಾತು ಮುಗಿಸೋಣ, ಉಳಿದದ್ದು ಅದರ ಜೊತೆಗೇ ಬಿಚ್ಚಿಕೊಳ್ಳುತ್ತದೆ.

ಕೊನೆಯ ಎಸ್ ಬಹುವಚನದ್ದಲ್ಲ, ಪದದ ಅಂಗವೇ. ಗ್ರೀಕಿನಲ್ಲಿ ಇದು ನಪುಂಸಕಲಿಂಗದ ಏಕವಚನ ನಾಮಪದ. ಪೇಥಾಸ್, ಈಥಾಸ್, ಕೇಯಾಸ್ ಎಂದು ಇಂಗ್ಲಿಷಿನಲ್ಲಿ ಬಳಸುವ ಗ್ರೀಕ್ ಪದಗಳೂ ಇದೇ ಗುಂಪಿನವು. ಕೇಯಾಸ್ ಪದದಿಂದ ಎಸ್ ಕಿತ್ತು "ಒಂದು ಕೇಯೋ" ಎನ್ನುವವರು ಯಾರೂ ಇಲ್ಲ. ಆದರೆ ಕೂಡೋಸ್ ವಿಷಯದಲ್ಲಿ ಅದು ನಡೆದುಹೋಗಿದೆ, ಅದಕ್ಕೆ ಕಾರಣವೂ ಇದೆ.

ಪದ ಇಂಗ್ಲಿಷಿಗೆ ಬಂದದ್ದು ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಹುಡುಗರ ಆಡುಮಾತಾಗಿ. 18ನೇ ಶತಮಾನದ ಕೊನೆಯಲ್ಲೇ ಅಚ್ಚಿನಲ್ಲಿ ಸುಳಿವು ಸಿಗುತ್ತದೆ, 19ನೇ ಶತಮಾನದಲ್ಲಿ ಚೆನ್ನಾಗಿ ಹರಡಿತು. ಪ್ರಾಚೀನ ಗ್ರೀಕ್ ಕವಿ ಹೋಮರನನ್ನು ಗ್ರೀಕಿನಲ್ಲೇ ಓದಿ ಪರೀಕ್ಷೆ ಬರೆಯುತ್ತಿದ್ದವರು ಅವರು. ಗೆಳೆಯನೊಬ್ಬ ಬಹುಮಾನ ಗೆದ್ದರೆ ಅಥವಾ ಸ್ಪರ್ಧೆಯಲ್ಲಿ ಮೊದಲು ಬಂದರೆ, ಅದರಿಂದ ಅವನಿಗೆ ಬಂದ ಹೆಸರಿಗೆ ಹೋಮರನ ಯುದ್ಧಕಾವ್ಯ ಇಲಿಯಡ್‌ನ ಈ ಗಂಭೀರ ಪದವನ್ನು ಅಂಟಿಸಿದರು. ಬುದ್ಧಿ, ಚುರುಕು ಎಂಬ ಅರ್ಥದಲ್ಲಿ ಬ್ರಿಟಿಷರು ಇಂದಿಗೂ ಬಳಸುವ "ನೌಸ್" ಕೂಡ ಗ್ರೀಕಿನಿಂದ ನೇರವಾಗಿ ಎತ್ತಿಕೊಂಡದ್ದೇ.

ಪದ ಹೀಗೆ ನೇರವಾಗಿ ಬಂತು ಎಂಬುದಕ್ಕೆ ಕಾಗುಣಿತವೇ ಸಾಕ್ಷಿ. ಲ್ಯಾಟಿನ್ ದಾರಿಯಲ್ಲಿ ಬಂದ ಗ್ರೀಕ್ ಪದಗಳಲ್ಲಿ ಕೆ ಹೋಗಿ ಸಿ ಆಗುತ್ತದೆ, ಗ್ರೀಕಿನ ಉಪ್ಸಿಲಾನ್ ಅಕ್ಷರ ವೈ ಆಗುತ್ತದೆ, ಓಎಸ್ ಎಂಬ ಕೊನೆ ಯುಎಸ್ ಆಗುತ್ತದೆ. ಕುಕ್ಲೊಸ್ ಎಂಬ ಗ್ರೀಕ್ ಪದ ಲ್ಯಾಟಿನ್ನಿಗೆ ಹೋಗಿ, ಅಲ್ಲಿಂದ ಇಳಿದು ಸೈಕಲ್ ಆದದ್ದು ಹೀಗೆ. ಅದೇ ದಾರಿ ಹಿಡಿದಿದ್ದರೆ ನಮ್ಮ ಪದ ಸೈಡಸ್ ಎಂಬಂತೆ ಏನೋ ಆಗಿರುತ್ತಿತ್ತು. ಕೆ, ಯು, ಓಎಸ್ ಮೂರೂ ಹಾಗೇ ಉಳಿದಿವೆ ಎಂದರೆ ನಡುವೆ ಲ್ಯಾಟಿನ್ನಿನ ಕೈ ಬಿದ್ದಿಲ್ಲ.

ಈಗ ಅರ್ಥ. ಮೊದಲ ಬಳಕೆಗಳಲ್ಲಿ ಅರ್ಥ "ಒಳ್ಳೆಯ ಕೆಲಸ ಮಾಡಿದ್ದರಿಂದ ಬಂದ ಹೆಸರು, ಗೌರವ". ಅದನ್ನು ಪಡೆಯಬಹುದು, ಗಳಿಸಬಹುದು, ಕಳೆದುಕೊಳ್ಳಬಹುದು. ಒಬ್ಬರು ಇನ್ನೊಬ್ಬರಿಗೆ ಬಾಯಲ್ಲಿ ಕೊಡುವ ಹೊಗಳಿಕೆ ಎಂಬ ಅರ್ಥ ಅದರ ಪಕ್ಕದಲ್ಲೇ ಬೆಳೆಯಿತು. ಚಾರ್ಲ್ಸ್ ಡಾರ್ವಿನ್ 1859ರಲ್ಲಿ, ತನ್ನ ದೊಡ್ಡ ಪುಸ್ತಕ ಅಚ್ಚಾಗುತ್ತಿದ್ದಾಗ, ಭೂವಿಜ್ಞಾನಿ ಲಯೆಲ್ ಅರ್ಧ ಓದಿ ತನಗೆ "ವೆರಿ ಗ್ರೇಟ್ ಕೂಡೋಸ್" ಕೊಡುತ್ತಿದ್ದಾನೆ ಎಂದು ಪತ್ರದಲ್ಲಿ ಬರೆದ. ಈ ವಾಕ್ಯ ಗಮನಿಸಿ: ಪುಸ್ತಕ ಇನ್ನೂ ಹೊರಬಂದಿಲ್ಲ, ಲೋಕದಲ್ಲಿ ಹೆಸರಾಗುವ ಮಾತು ಇಲ್ಲ, ಒಬ್ಬ ಓದುಗನ ಮೆಚ್ಚುಗೆ ಮಾತ್ರ ಇದೆ. ಜೊತೆಗೆ "ವೆರಿ ಗ್ರೇಟ್" ಎಂಬ ವಿಶೇಷಣ ಹಾಕಿದ್ದಾನೆ, "ಮೆನಿ" ಎಂದಿಲ್ಲ. ಅವನ ಕಿವಿಗೆ ಇದು ಎಣಿಸುವ ಪದವಾಗಿರಲಿಲ್ಲ.

ಮೆಚ್ಚುಗೆಯ ಅರ್ಥ ಮೇಲುಗೈ ಆದದ್ದು 1920ರ ದಶಕದ ನಂತರ, ಅಮೆರಿಕದ ಪತ್ರಿಕೆಗಳ ಮೂಲಕ. ಟೈಮ್ ವಾರಪತ್ರಿಕೆ ವಿಶ್ವವಿದ್ಯಾಲಯಗಳು ಕೊಟ್ಟ ಗೌರವ ಪದವಿಗಳ ಪಟ್ಟಿಯನ್ನು "ಕೂಡೋಸ್" ಎಂಬ ತಲೆಬರಹದ ಕೆಳಗೆ ಹಾಕುತ್ತಿತ್ತು. ತಲೆಬರಹ ಒಂದು, ಅದರ ಕೆಳಗೆ ಹೆಸರುಗಳು ಹತ್ತಾರು. ಗ್ರೀಕ್ ಗೊತ್ತಿಲ್ಲದ ಓದುಗ ಇದನ್ನು "ಗೌರವಗಳು" ಎಂದು ಬಹುವಚನವಾಗಿ ಓದಿಕೊಂಡರೆ ತಪ್ಪೇನು? ಅಲ್ಲಿಂದ ಮುಂದೆ, ಇಷ್ಟೊಂದು ಕೂಡೋಸ್ ಇದ್ದರೆ ಒಂದಕ್ಕೆ ಕೂಡೋ ಎನ್ನಬೇಕಲ್ಲ ಎಂಬ ತರ್ಕ. 20ನೇ ಶತಮಾನದ ಮೊದಲರ್ಧ ಮುಗಿಯುವುದರೊಳಗೆ ಕೂಡೋ ಅಚ್ಚಿಗೂ ಬಂದಾಗಿತ್ತು.

ಇಂಗ್ಲಿಷಿಗೆ ಇದು ಹಳೆಯ ಚಾಳಿ. ಬಟಾಣಿಗೆ ಮೊದಲಿದ್ದ ಪದ ಪೀಸ್, ಅದು ಏಕವಚನ. ಎಸ್ ಸದ್ದು ಕೇಳಿ ಬಹುವಚನ ಅಂದುಕೊಂಡು ಪೀ ಎಂದು ಮಾಡಿಕೊಂಡರು. ಚೆರ್ರಿ ಹಣ್ಣಿನ ಹೆಸರಿನಲ್ಲೂ ಫ್ರೆಂಚಿನಿಂದ ಬರುವಾಗ ಕೊನೆಯಲ್ಲೊಂದು ಸ ಇತ್ತು, ಅದೂ ಹೀಗೇ ಉದುರಿತು. ಶೆರ್ರಿ ಮದ್ಯ ಮೊದಲು ಶೆರಿಸ್ ಆಗಿತ್ತು. ಅಸೆಟ್ಸ್ ಎಂಬುದು ಕಾನೂನಿನ ಫ್ರೆಂಚಿನಲ್ಲಿ "ಸಾಕಷ್ಟು" ಎಂಬ ಅರ್ಥದ ಪದ, ಒಂದು ಅಸೆಟ್ ಎಂದು ಎಣಿಸುವ ರೂಢಿ ಬಹಳ ತಡವಾಗಿ ಬಂತು. ಇವ್ಯಾವುದನ್ನೂ ಇಂದು ಯಾರೂ ತಪ್ಪೆನ್ನುವುದಿಲ್ಲ. ಕೂಡೋ ಮಾತ್ರ ಇನ್ನೂ ಪೂರ್ತಿ ಒಳಗೆ ಬಂದಿಲ್ಲ. ಮೆರಿಯಂ ವೆಬ್‌ಸ್ಟರ್‌ನಂಥ ಅಮೆರಿಕನ್ ನಿಘಂಟು ಅದಕ್ಕೆ ಜಾಗ ಕೊಟ್ಟಿದೆ, ಆದರೆ ಹೆಚ್ಚಿನ ಸಂಪಾದಕರು ಕಂಡಲ್ಲಿ ತಿದ್ದುತ್ತಾರೆ. ಬರವಣಿಗೆಯಲ್ಲಿ ದೂರ ಇಡುವುದೇ ಕ್ಷೇಮ ಎಂದು ನನ್ನ ಅಭಿಪ್ರಾಯ.

ಉಚ್ಚಾರಣೆ: ಬ್ರಿಟನ್ನಿನಲ್ಲಿ ಕ್ಯೂಡಾಸ್, ಮೊದಲ ಅಕ್ಷರದ ಮೇಲೆ ಒತ್ತು. ಅಮೆರಿಕದಲ್ಲಿ ಕೂಡೋಸ್, ಅಥವಾ ಕೊನೆಯಲ್ಲಿ ಝ್ ಸದ್ದು ಬಂದು ಕೂಡೋಝ್. ಆ ಝ್ ಬಂದದ್ದೇ ಬಹುವಚನ ಎಂಬ ಭಾವನೆಯಿಂದ. ಹೀರೋಝ್ ಎನ್ನುವ ಹಾಗೆ ಕೂಡೋಝ್. ಹೋಮರನ ಕಾಲದ ಉಚ್ಚಾರಣೆಗೆ ಹತ್ತಿರದ್ದು ಬೇಕೆಂದರೆ ಕೂದೊಸ್: ಮೊದಲ ಸ್ವರ ದೀರ್ಘ, ಎರಡನೆಯದು ಹ್ರಸ್ವ, ನಡುವೆ ದಂತ್ಯ ದಕಾರ.

ಶ್ರವಸ್ ಉತ್ತರ:

ನಿಘಂಟಿನ ಹುಳು ಅವರು ಇಂಗ್ಲಿಷಿನ ಭಾಗ ಪೂರ್ತಿ ಹೇಳಿದ್ದಾರೆ. ಗ್ರೀಕರು ಯಾವಾಗ ಹೇಳುತ್ತಿದ್ದರು ಎಂಬ ಪ್ರಶ್ನೆ ಬಾಕಿ ಇದೆ, ಅದೇ ಇದರಲ್ಲಿ ಅತ್ಯಂತ ಸೊಗಸಿನ ಭಾಗ.

ಹೋಮರನಲ್ಲಿ ಕೀರ್ತಿಗೆ ಒಂದಕ್ಕಿಂತ ಹೆಚ್ಚು ಪದಗಳಿವೆ. ಮುಖ್ಯವಾದವು ಎರಡು: ಕೂದೊಸ್ ಮತ್ತು ಕ್ಲೆಒಸ್. ಅನುವಾದಗಳಲ್ಲಿ ಎರಡಕ್ಕೂ ಗ್ಲೋರಿ ಎಂದು ಹಾಕಿ ಮುಗಿಸುವುದರಿಂದ ವ್ಯತ್ಯಾಸ ಅಳಿಸಿಹೋಗುತ್ತದೆ.

ಕ್ಲೆಒಸ್ ಎಂದರೆ ಕೇಳಿಬರುವ ಕೀರ್ತಿ. ಮನುಷ್ಯ ಸತ್ತ ಮೇಲೂ ಹಾಡುಗಾರರ ಬಾಯಲ್ಲಿ ಉಳಿಯುವಂಥದ್ದು. ಇಲಿಯಡ್‌ನ 9ನೇ ಸರ್ಗದಲ್ಲಿ ಗ್ರೀಕ್ ವೀರ ಅಕಿಲೀಸ್ ತನ್ನ ಮುಂದಿರುವ ಎರಡು ದಾರಿಗಳನ್ನು ಹೇಳುತ್ತಾನೆ: ಟ್ರಾಯ್‌ನಲ್ಲೇ ಉಳಿದು ಕಾದಿದರೆ ಊರಿಗೆ ಮರಳುವುದಿಲ್ಲ, ಆದರೆ ಅಳಿಯದ ಕ್ಲೆಒಸ್ ಸಿಗುತ್ತದೆ. ಮರಳಿದರೆ ದೀರ್ಘಾಯುಷ್ಯ ಸಿಗುತ್ತದೆ, ಕ್ಲೆಒಸ್ ಹೋಗುತ್ತದೆ.

ಕೂದೊಸ್ ಹಾಗಲ್ಲ. ಅದು ಆ ಕ್ಷಣದ್ದು, ರಣರಂಗದ್ದು, ಬದುಕಿರುವವನದ್ದು. ಸಾಮಾನ್ಯವಾಗಿ ದೇವರು ಕೊಡುತ್ತಾನೆ: ಇವತ್ತು ದೇವರಾಜ ಜ್ಯೂಸ್ ಟ್ರಾಯ್ ಕಡೆಯ ವೀರ ಹೆಕ್ಟರನಿಗೆ ಕೊಟ್ಟರೆ ಗೆಲುವು ಅವನದು, ನಾಳೆ ಕಿತ್ತುಕೊಂಡು ಇನ್ನೊಬ್ಬನಿಗೆ ಕೊಡಬಹುದು. ಫ್ರಾನ್ಸಿನ ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ಟ್ 1969ರಲ್ಲಿ ಇದನ್ನೇ ಎತ್ತಿ ತೋರಿಸಿದ. ಕೂದೊಸ್ ಎಂದರೆ ಕೀರ್ತಿ ಎಂಬ ಸಾಂಪ್ರದಾಯಿಕ ಅರ್ಥ ಸಾಲದು, ಅದು ಗೆಲುವನ್ನು ಖಚಿತ ಮಾಡುವ ಒಂದು ಮೇಲ್ಮೆ, ರಕ್ಷೆಯಂತೆ ಮೈಮೇಲೆ ಇರುವ ಶಕ್ತಿ ಎಂಬುದು ಅವನ ವಾದ. ಗೆದ್ದದ್ದರಿಂದ ಕೂದೊಸ್ ಬರುತ್ತದೆಯೋ, ಕೂದೊಸ್ ಇದ್ದದ್ದರಿಂದ ಗೆಲ್ಲುತ್ತಾನೋ ಎಂದು ಹೋಮರನ ಸಾಲುಗಳಲ್ಲಿ ಬಿಡಿಸಿ ಹೇಳುವುದು ಕಷ್ಟ. ಎಲ್ಲ ಪ್ರಯೋಗಗಳಿಗೂ ಈ ವಾದ ಹೊಂದುವುದಿಲ್ಲ, ಆದರೂ ಯುದ್ಧದ ಸರ್ಗಗಳನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಸ್ಪಷ್ಟವಾಗುತ್ತವೆ.

ಒಂದು ಜಾಗ ಹತ್ತಿರದಿಂದ ನೋಡೋಣ. 22ನೇ ಸರ್ಗ. ಅಕಿಲೀಸ್ ಹೆಕ್ಟರನನ್ನು ಟ್ರಾಯ್ ಗೋಡೆಯ ಸುತ್ತ ಅಟ್ಟಿಸಿಕೊಂಡು ಹೋಗುತ್ತಿದ್ದಾನೆ. ಗ್ರೀಕ್ ಸೈನ್ಯ ನಿಂತು ನೋಡುತ್ತಿದೆ, ಎಲ್ಲರ ಕೈಯಲ್ಲೂ ಆಯುಧ. ಓಡುತ್ತಲೇ ಅಕಿಲೀಸ್ ತನ್ನವರ ಕಡೆ ತಲೆಯಾಡಿಸಿ ಸನ್ನೆ ಮಾಡುತ್ತಾನೆ: ಯಾರೂ ಭರ್ಜಿ ಎಸೆಯಬೇಡಿ. ಕಾರಣವನ್ನು ಕವಿ ಒಂದೇ ಸಾಲಿನಲ್ಲಿ ಹೇಳುತ್ತಾನೆ: ಬೇರೆ ಯಾರಾದರೂ ಹೊಡೆದು ಕೂದೊಸ್ ಎತ್ತಿಕೊಂಡುಬಿಟ್ಟಾರು, ತಾನು ಎರಡನೆಯವನಾದೇನು ಎಂದು. ಹೆಕ್ಟರ್ ಸಾಯುವುದು ಹೇಗೂ ಖಚಿತ, ಪ್ರಶ್ನೆ ಇರುವುದು ಮೊದಲ ಏಟು ಯಾರದ್ದು ಎಂಬುದರಲ್ಲಿ. ಕೂದೊಸ್ ಹಂಚಿಕೊಳ್ಳುವ ವಸ್ತು ಅಲ್ಲ, ಒಬ್ಬನ ಪಾಲಾದರೆ ಇನ್ನೊಬ್ಬನಿಗಿಲ್ಲ. ಹೆಕ್ಟರ್ ಬಿದ್ದ ಮೇಲೆ ಅದೇ ಸರ್ಗದಲ್ಲಿ ಅಕಿಲೀಸ್ ಸೈನ್ಯಕ್ಕೆ ಕೂಗಿ ಹೇಳುವ ಮಾತಿನಲ್ಲಿ "ದೊಡ್ಡ ಕೂದೊಸ್ ಗೆದ್ದೆವು" ಎಂದು ಬಹುವಚನದ ಕ್ರಿಯೆ ಬರುತ್ತದೆ. ಎರಡು ಸಾಲುಗಳ ನಡುವೆ ಒಬ್ಬನದಾಗಿದ್ದದ್ದು ಸೈನ್ಯದ್ದಾಗುವುದನ್ನು ಕವಿ ಹೇಗೆ ಇಟ್ಟಿದ್ದಾನೆ ನೋಡಿ. ಅಲ್ಲೂ ಕೂದೊಸ್ ಮಾತ್ರ ಏಕವಚನವೇ.

ವ್ಯಕ್ತಿಗಳಿಗೂ ಈ ಪದ ಅಂಟುತ್ತದೆ. ಗ್ರೀಕ್ ನಾಯಕರಾದ ನೆಸ್ಟರ್ ಮತ್ತು ಒಡಿಸ್ಯೂಸ್‌ರನ್ನು "ಅಖಾಯನರ (ಗ್ರೀಕರ) ದೊಡ್ಡ ಕೂದೊಸ್" ಎಂದು ಸಂಬೋಧಿಸುತ್ತಾರೆ. ಯುದ್ಧಕ್ಕೆ "ಕೂದಿಆನೆಯ್ರ" ಎಂಬ ಬಿರುದು ಇದೆ, ಗಂಡಸರಿಗೆ ಕೂದೊಸ್ ತರುವಂಥದ್ದು ಎಂದರ್ಥ. ಇಲಿಯಡ್‌ನ ಮೊದಲ ಸರ್ಗದಲ್ಲಿ ಒಮ್ಮೆ ಸಭೆಗೂ ಅದೇ ಬಿರುದು ಸಂದಿದೆ. ಅಂದರೆ ಮಾತಿನಲ್ಲಿ ಗೆದ್ದರೂ ಕೂದೊಸ್ ಸಿಗುತ್ತಿತ್ತು.

ಈಗ ಧಾತು. ಕ್ಲೆಒಸ್‌ಗೂ ಸಂಸ್ಕೃತದ ಶ್ರವಸ್‌ಗೂ ಮೂಲ ಒಂದೇ. ಹಿಂದೆ ಅದು ಕ್ಲೆವೊಸ್ ಆಗಿತ್ತು, ನಡುವಿನ ವಕಾರ ಗ್ರೀಕಿನಲ್ಲಿ ಬಿದ್ದುಹೋಯಿತು. ಶ್ರು ಧಾತು, ಕೇಳುವುದು: ಶ್ರವಣ, ಶ್ರುತಿ, ವಿಶ್ರುತ ಎಲ್ಲ ಅದರ ಮಕ್ಕಳು. ಇಂಗ್ಲಿಷಿನ ಲೌಡ್ ಕೂಡ ಇದೇ ಮನೆಯದು. ಗ್ರೀಕ್ ಹೆಸರುಗಳ ಕೊನೆಯ ಕ್ಲೀಸ್ (ಪೆರಿಕ್ಲೀಸ್, ಸಾಫೊಕ್ಲೀಸ್), ಕ್ಲಿಯೋಪಾತ್ರಾ ಹೆಸರಿನ ಮೊದಲ ಭಾಗ, ಸ್ಲಾವ್ ಹೆಸರುಗಳ ಕೊನೆಯ ಸ್ಲಾವ್ (ಯಾರೊಸ್ಲಾವ್) ಎಲ್ಲವೂ ಕೀರ್ತಿಯೇ. 1853ರಲ್ಲಿ ಜರ್ಮನಿಯ ಆಡಾಲ್ಬರ್ಟ್ ಕೂನ್ ಒಂದು ಹೋಲಿಕೆ ಗುರುತಿಸಿದ: ಅಕಿಲೀಸ್ ಹೇಳುವ "ಕ್ಲೆಒಸ್ ಆಫ್ಥಿತೊನ್" ಮತ್ತು ವೇದದ "ಶ್ರವಃ ... ಅಕ್ಷಿತಮ್" ಎರಡೂ ಪದಕ್ಕೆ ಪದ ಒಂದೇ. ಋಗ್ವೇದ 1.9.7ರಲ್ಲಿ ಇಂದ್ರನನ್ನು ಬೇಡುವಾಗ ಈ ಮಾತು ಬರುತ್ತದೆ. ಎರಡು ಭಾಷೆಗಳು ಬೇರೆಯಾಗುವ ಮೊದಲೇ ಕವಿಗಳ ಬಾಯಲ್ಲಿದ್ದ ನುಡಿಗಟ್ಟು ಇದು ಎಂದು ಅಂದಿನಿಂದ ಇಂದಿನವರೆಗೆ ಚರ್ಚೆ ನಡೆದಿದೆ.

ಕೂದೊಸ್‌ನ ಧಾತು ಬೇರೆ: ಗಮನಿಸು, ಅರಿ, ಕಿವಿಗೊಡು ಎಂಬ ಅರ್ಥದ್ದು. ಸ್ಲಾವ್ ಭಾಷೆಗಳ ಚುದೊ, ಅಂದರೆ ಪವಾಡ, ಇದರ ಹತ್ತಿರದ ನಂಟ. ಸಂಸ್ಕೃತದ ಕವಿ ಎಂಬ ಪದವನ್ನೂ ಅದೇ ಧಾತುವಿನ ಕೆಳಗೆ ಹಲವು ವ್ಯುತ್ಪತ್ತಿ ಕೋಶಗಳು ಇಡುತ್ತವೆ. ಕಂಡವನು, ಅರಿತವನು ಕವಿ. ಕಂಡು ಬೆರಗಾಗುವಂಥದ್ದು ಕೂದೊಸ್.

ಪದದ ಬೆನ್ನು ಹತ್ತಿ ಮರುಪ್ರಶ್ನೆ:

ಇಬ್ಬರಿಗೂ ಧನ್ಯವಾದ. ಓದುತ್ತಾ ಹುಟ್ಟಿದ ಅನುಮಾನ: ಕನ್ನಡದಲ್ಲಿ ಯಶಸ್ಸು ಎಂದೂ ಇದೆ, ಯಶ ಎಂದೂ ಇದೆ. ಮನಸ್ಸು, ಮನ. ತೇಜಸ್ಸು, ತೇಜ. ಕೂಡೋಸ್‌ನಿಂದ ಕೂಡೋ ಆದ ಹಾಗೆಯೇ ಇಲ್ಲೂ ಸಕಾರ ಬಿದ್ದದ್ದೇ?

ಶ್ರವಸ್ ಉತ್ತರ:

ಒಳ್ಳೆಯ ಪ್ರಶ್ನೆ. ಬಿದ್ದ ಅಕ್ಷರ ಒಂದೇ, ಬಿದ್ದ ಕಾರಣ ಬೇರೆ.

ಅಕ್ಷರ ಒಂದೇ ಎನ್ನುವುದು ಬರೀ ಹೋಲಿಕೆಯಲ್ಲ, ಚರಿತ್ರೆಯಲ್ಲೇ ನಿಜ. ಗ್ರೀಕಿನ ನಪುಂಸಕಲಿಂಗದ "ಒಸ್" ಮತ್ತು ಸಂಸ್ಕೃತದ ನಪುಂಸಕಲಿಂಗದ "ಅಸ್" ಒಂದೇ ಪ್ರತ್ಯಯ. ನಭಸ್‌ಗೆ ಗ್ರೀಕಿನ ಜೋಡಿ ನೆಫೊಸ್, ಮೋಡ. ಮನಸ್‌ಗೆ ಮೆನೊಸ್. ಶ್ರವಸ್‌ಗೆ ಕ್ಲೆಒಸ್. ಕೂದೊಸ್‌ಗೆ ಸಂಸ್ಕೃತದಲ್ಲಿ ನೇರ ಜೋಡಿ ಇಲ್ಲ, ಆದರೆ ರಚನೆ ಯಶಸ್, ತೇಜಸ್‌ಗಳದ್ದೇ. ಹಾಗಾಗಿ ಕನ್ನಡದವರಿಗೆ ಕೂಡೋಸ್‌ನ ಎಸ್ ವಿವರಿಸಲು ಬೇರೆ ಉದಾಹರಣೆ ಬೇಡ, ಯಶಸ್ಸಿನ ಸಕಾರ ತೋರಿಸಿದರೆ ಸಾಕು.

ಕಾರಣ ಬೇರೆ ಎಂದದ್ದು ಏಕೆಂದರೆ, ಪ್ರಾಕೃತಗಳಲ್ಲಿ ಪದದ ಕೊನೆಯ ವ್ಯಂಜನ ನಿಲ್ಲುವುದೇ ಇಲ್ಲ. ಯಶಸ್, ಮನಸ್‌ಗಳ ಸಕಾರ ಅಲ್ಲಿ ಬಿದ್ದು, ಪದಗಳು ಅಕಾರಾಂತಗಳಾದವು. ಕನ್ನಡ ಎರಡು ದಾರಿಯಲ್ಲೂ ತೆಗೆದುಕೊಂಡಿತು: ಸಕಾರ ಉಳಿಸಿ, ಇಮ್ಮಡಿಸಿ, ಉಕಾರ ಸೇರಿಸಿದರೆ ಯಶಸ್ಸು, ಸಕಾರ ಇಲ್ಲದ್ದು ಯಶ. ಇಲ್ಲಿ ಯಾರೂ ಸಕಾರವನ್ನು ಬಹುವಚನ ಎಂದು ತಿಳಿದಿರಲಿಲ್ಲ, ತಿಳಿಯಲು ಸಾಧ್ಯವೂ ಇರಲಿಲ್ಲ, ನಮ್ಮ ಬಹುವಚನ ಗಳು, ಅರು. ಇಂಗ್ಲಿಷಿನಲ್ಲಿ ಮಾತ್ರ ಬಹುವಚನದ ಗುರುತೂ ಎಸ್ ಆದ್ದರಿಂದ ಕಣ್ಣು ಮೋಸ ಹೋಯಿತು.

ತಾಳೆಗರಿ ಉತ್ತರ:

ಫೇಮ್, ರಿನೌನ್, ಗ್ಲೋರಿಗಳ ವ್ಯತ್ಯಾಸ ಕೇಳಿದ್ದೀರಿ. ಎಲ್ಲವನ್ನೂ ಕೀರ್ತಿ ಎಂದು ಒಂದೇ ಬುಟ್ಟಿಗೆ ಹಾಕಿದರೆ ಅನುವಾದ ಕೆಡುವುದು ಅಲ್ಲೇ.

ಫೇಮ್ ಬಂದದ್ದು ಲ್ಯಾಟಿನ್ನಿನ ಫಾಮಾದಿಂದ, ಅದರ ಧಾತು "ಮಾತಾಡು". ಸಂಸ್ಕೃತದ ಭಣ್, ಅಂದರೆ ನುಡಿ, ಇದರ ನಂಟ. ಜನ ಆಡುವ ಮಾತು ಎಂಬುದೇ ಮೊದಲ ಅರ್ಥ, ಆ ಮಾತು ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು, ಸುಳ್ಳೂ ಇರಬಹುದು. ಈನೀಡ್‌ನ 4ನೇ ಸರ್ಗದಲ್ಲಿ ರೋಮನ್ ಕವಿ ವರ್ಜಿಲ್ ಫಾಮಾಳನ್ನು ರಾಕ್ಷಸಿಯಾಗಿ ಚಿತ್ರಿಸಿದ್ದಾನೆ: ಮೈಯಲ್ಲಿ ಎಷ್ಟು ಗರಿಗಳೋ ಅಷ್ಟು ಕಣ್ಣು, ಅಷ್ಟು ನಾಲಿಗೆ, ಅಷ್ಟು ನಿಮಿರಿದ ಕಿವಿ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹಾರಾಟ. ಇಂಗ್ಲಿಷಿನಲ್ಲೂ ಫೇಮ್‌ನ ಮೊದಮೊದಲ ಅರ್ಥಗಳಲ್ಲಿ ವದಂತಿ ಒಂದು. ಡಿಫೇಮ್, ಇನ್‌ಫೇಮಸ್ ಇದರಿಂದಲೇ ಬಂದವು. ಇನ್‌ಫಂಟ್ ಎಂದರೆ "ಮಾತು ಬಾರದ್ದು", ಅದೂ ಈ ಧಾತುವಿನದೇ.

ಒಂದು ಎಚ್ಚರಿಕೆ: ಇನ್‌ಫೇಮಸ್ ಎಂದರೆ "ತುಂಬಾ ಫೇಮಸ್" ಅಲ್ಲ, "ಫೇಮಸ್ ಅಲ್ಲದ" ಎಂದೂ ಅಲ್ಲ. ಕುಖ್ಯಾತ ಎಂದರ್ಥ. ಬದುಕಿರುವವರ ಬಗ್ಗೆ ಬರೆಯುವಾಗ ಇದನ್ನು ತಪ್ಪಾಗಿ ಹಾಕಿದರೆ ಮಾನಹಾನಿಯ ಮಾತಾಗುತ್ತದೆ.

ರಿನೌನ್ ಹಳೆಯ ಫ್ರೆಂಚಿನ "ಮತ್ತೆ ಮತ್ತೆ ಹೆಸರಿಸು" ಎಂಬ ಪದದಿಂದ. ಒಳಗಿರುವುದು ಲ್ಯಾಟಿನ್ನಿನ ನೋಮೆನ್, ನಮ್ಮ ನಾಮ. ನಮ್ಮ "ಹೆಸರಾಂತ", "ಹೆಸರುವಾಸಿ" ಇದಕ್ಕೆ ತೀರಾ ಹತ್ತಿರ. ನೋ (know) ಎಂಬ ಕ್ರಿಯಾಪದದ ನೆನಪಿನಲ್ಲಿ ನಡುವೆ ಕೆ ಸೇರಿಸಿ ಬರೆಯುವುದು ಬಹಳ ಕಡೆ ಕಾಣುವ ತಪ್ಪು, ತಿಳಿಯುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ರಿನೌನ್ ನಿಧಾನವಾಗಿ ಬರುವ, ಬಹುಕಾಲ ನಿಲ್ಲುವ ಹೆಸರು. ಒಂದು ರಾತ್ರಿಯಲ್ಲಿ ಫೇಮ್ ಬರಬಹುದು, ರಿನೌನ್ ಬರುವುದಿಲ್ಲ.

ಸೆಲೆಬ್ರಿಟಿ ಲ್ಯಾಟಿನ್ನಿನ ಸೆಲೆಬರ್, "ಜನ ನೆರೆದ" ಎಂಬುದರಿಂದ. ಇಂಗ್ಲಿಷಿನಲ್ಲಿ ಮೊದಲು ವಿಧಿ, ಉತ್ಸವ. ನಂತರ ಪ್ರಸಿದ್ಧವಾಗಿರುವ ಸ್ಥಿತಿ. ಪ್ರಸಿದ್ಧ ವ್ಯಕ್ತಿಗೇ ಸೆಲೆಬ್ರಿಟಿ ಎನ್ನುವುದು 19ನೇ ಶತಮಾನದ ನಡುವಿನಲ್ಲಿ ಬಂದದ್ದು. ಪ್ರೆಸ್ಟೀಜ್‌ನದು ಇನ್ನೂ ವಿಚಿತ್ರ ಪಯಣ: ಲ್ಯಾಟಿನ್ನಿನಲ್ಲಿ ಕಣ್ಕಟ್ಟು, 17ನೇ ಶತಮಾನದ ಇಂಗ್ಲಿಷಿನಲ್ಲೂ ಮೋಸ, ಮಾಯೆ. ಎದುರಿನವರ ಕಣ್ಣು ಕೋರೈಸುವ ಪ್ರಭಾವ ಎಂಬ ಗೌರವದ ಅರ್ಥ 19ನೇ ಶತಮಾನದ್ದು. ನಟೋರಿಯಸ್ ಮೊದಲು "ಎಲ್ಲರಿಗೂ ಗೊತ್ತಿರುವ" ಎಂದಷ್ಟೇ ಇತ್ತು. ಕಳ್ಳ, ಸುಳ್ಳ ಎಂಬ ನಾಮಪದಗಳ ಹಿಂದೆಯೇ ಸದಾ ಬಂದು ಬಂದು ಅವುಗಳ ಮಸಿ ಇದಕ್ಕೂ ಹತ್ತಿತು. ಗ್ಲೋರಿ ಲ್ಯಾಟಿನ್ನಿನ ಗ್ಲೋರಿಯಾ, ಅದರಾಚೆಗಿನ ಮೂಲ ಖಚಿತವಿಲ್ಲ.

ನಮ್ಮ ಕಡೆಯ ಪದಗಳೂ ಮಾತು ಮತ್ತು ಕಿವಿಯ ಸುತ್ತಲೇ ಇವೆ. ಸಂಸ್ಕೃತ ಧಾತುಗಳ ಹಳೆಯ ಪಟ್ಟಿಯಾದ ಧಾತುಪಾಠದಲ್ಲಿ ಕೀರ್ತಿಯ ಧಾತುವಿಗೆ "ಸಂಶಬ್ದನೇ", ಹೆಸರೆತ್ತಿ ಸಾರುವುದು ಎಂಬ ಅರ್ಥ ಕೊಟ್ಟಿದೆ. ಕೀರ್ತನೆ ಅದರದ್ದೇ ಇನ್ನೊಂದು ಕವಲು. ಖ್ಯಾತಿಯ ಧಾತುವಿಗೆ "ಪ್ರಕಥನೇ", ಎಂದರೆ ಹೇಳಿ ತಿಳಿಸುವುದು. ಹಾಗಾಗಿ ಧಾತುವಿನ ಲೆಕ್ಕದಲ್ಲಿ ಫೇಮ್‌ಗೆ ಖ್ಯಾತಿ ಒಳ್ಳೆಯ ಜೋಡಿ, ಕ್ಲೆಒಸ್‌ಗೆ ವಿಶ್ರುತಿ. ಹೋಮರನ ಕೂದೊಸ್‌ಗೆ ಕೀರ್ತಿಗಿಂತ ವಿಜಯಶ್ರೀ, ಜಯಲಕ್ಷ್ಮಿ ಎಂಬ ಹಳೆಗನ್ನಡ ಕಾವ್ಯದ ಕಲ್ಪನೆ ಹತ್ತಿರ ಎನ್ನಿಸುತ್ತದೆ: ಅವಳೂ ಯುದ್ಧದ ನಡುವೆ ಒಬ್ಬನನ್ನು ಒಲಿಯುತ್ತಾಳೆ, ಇನ್ನೊಬ್ಬನನ್ನು ಬಿಡುತ್ತಾಳೆ.

ಕರಡು ತಿದ್ದುವವಳು ಉತ್ತರ:

ಬಳಕೆಯ ಬಗ್ಗೆ ನಾನು ಸೇರಿಸುತ್ತೇನೆ, ಏಕೆಂದರೆ ಕರಡು ತಿದ್ದುವಾಗ ಈ ಪದದಲ್ಲಿ ಬರುವ ತಪ್ಪುಗಳು ಬೆರಳೆಣಿಕೆಯವು, ಮತ್ತೆ ಮತ್ತೆ ಅವೇ ಬರುತ್ತವೆ.

ಈಸ್ ಅಥವಾ ಆರ್ ಎಂಬ ಪ್ರಶ್ನೆಗೆ: ಬ್ರಿಟಿಷ್ ಬಳಕೆಯಲ್ಲಿ ಮತ್ತು ಎಚ್ಚರದ ಬರವಣಿಗೆಯಲ್ಲಿ "ಈಸ್". "ಮಚ್ ಕೂಡೋಸ್" ಸರಿ, "ಮೆನಿ ಕೂಡೋಸ್" ಬೇಡ. ಆದರೆ "ಕೂಡೋಸ್ ಈಸ್ ಡ್ಯೂ" ಎಂದು ಬರೆದರೆ ಅಮೆರಿಕನ್ ಓದುಗ ತಡವರಿಸುತ್ತಾನೆ, "ಆರ್" ಎಂದು ಬರೆದರೆ ಗ್ರೀಕ್ ಬಲ್ಲವನು ಮುಖ ಸಿಂಡರಿಸುತ್ತಾನೆ. ಇಬ್ಬರನ್ನೂ ತಪ್ಪಿಸುವ ದಾರಿ ಸುಲಭ: ಪದವನ್ನು ಕರ್ತೃಸ್ಥಾನದಲ್ಲಿ ಇಡಬೇಡಿ. "ದ ಟೀಮ್ ಡಿಸರ್ವ್ಸ್ ಕೂಡೋಸ್", "ಶೀ ವನ್ ಕೂಡೋಸ್" ಎಂದರೆ ಈಸ್, ಆರ್ ಎರಡರ ಹಂಗೂ ಇಲ್ಲ. ಬರೀ "ಕೂಡೋಸ್ ಟು" ಎಂದು ಶುರುಮಾಡಿದರೂ ಕ್ರಿಯಾಪದವೇ ಬೇಕಿಲ್ಲ.

ವಿಭಕ್ತಿಯ ಕೆಲಸ ಮಾಡುವ ಪದಗಳು: ವ್ಯಕ್ತಿಗೆ "ಟು", ಕೆಲಸಕ್ಕೆ "ಫಾರ್". ಕಂಗ್ರಾಜ್ಯುಲೇಷನ್ಸ್ ಪ್ರಭಾವದಿಂದ "ಆನ್" ಕೂಡ ಕಾಣುತ್ತದೆ, "ಫಾರ್" ಹೆಚ್ಚು ಭದ್ರ. ಎಸ್ ಮೊದಲು ಮೇಲ್ಬೊಟ್ಟು (ಅಪಾಸ್ಟ್ರಫಿ) ಹಾಕಿ ಬರೆಯುವುದು ಯಾವ ಲೆಕ್ಕದಲ್ಲೂ ತಪ್ಪು. ವಾಕ್ಯದ ನಡುವೆ ದೊಡ್ಡ ಅಕ್ಷರವೂ ಬೇಕಾಗಿಲ್ಲ.

ಕಂಗ್ರಾಜ್ಯುಲೇಷನ್ಸ್ ಬದಲಿಗೆ ಎಲ್ಲ ಕಡೆ ಕೂಡೋಸ್ ಹಾಕಲಾಗುವುದಿಲ್ಲ. ಮದುವೆ, ಮಗು ಹುಟ್ಟಿದ್ದು, ಲಾಟರಿ ಹೊಡೆದದ್ದು: ಇವಕ್ಕೆ ಅಭಿನಂದನೆ ಹೇಳಬಹುದು, ಕೂಡೋಸ್ ಹೇಳಿದರೆ ವಿಚಿತ್ರ. ಶ್ರಮ ಪಟ್ಟು, ಜಾಣ್ಮೆ ತೋರಿಸಿ, ಧೈರ್ಯ ಮಾಡಿ ಮಾಡಿದ ಕೆಲಸಕ್ಕೆ ಮಾತ್ರ ಈ ಪದ. ಧಾಟಿಯಲ್ಲಿ ಸಲುಗೆಯೂ ಇದೆ. ಸಮಾನರು ಸಮಾನರಿಗೆ, ಹಿರಿಯರು ಕಿರಿಯರಿಗೆ ಹೇಳಿದರೆ ಚೆನ್ನ. ಮೇಲಧಿಕಾರಿಗೆ ಬರೆಯುವ ಪತ್ರದಲ್ಲಿ ಹಾಕಿದರೆ ಬೆನ್ನು ತಟ್ಟಿದ ಹಾಗೆ ಕೇಳಿಸುತ್ತದೆ. ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ಲೈಕ್ ಬದಲಿಗೆ ಕೂಡೋಸ್ ಇಟ್ಟಿದ್ದಾರೆ. ಅಲ್ಲಿ ಇನ್ನೊಬ್ಬರು ಬೆವರಿಳಿಸಿ ಮಾಡಿದ್ದನ್ನು ಮೆಚ್ಚುವುದೇ ಉದ್ದೇಶ, ಹಾಗಾಗಿ ಪದ ಹೊಂದಿದೆ. ಆದರೆ ಅಲ್ಲಿ "ಹತ್ತು ಕೂಡೋಸ್" ಎಂದು ಎಣಿಕೆಯೂ ಬರುತ್ತದೆ. ಬಹುವಚನ ಎಂಬ ಭಾವನೆ ಇನ್ನಷ್ಟು ಗಟ್ಟಿಯಾಗುವುದು ಇಂಥ ಕಡೆಗಳಿಂದಲೇ.

ಕನ್ನಡಕ್ಕೆ ತರುವಾಗ ಮೊದಲು ಕ್ರಿಯಾಪದ ನೋಡಿ. ಕೊಡು, ಸಲ್ಲಿಸು, ಅರ್ಹ ಎಂಬ ಧಾಟಿ ಇದ್ದರೆ ಅದು ಮೆಚ್ಚುಗೆ: ಶಹಬ್ಬಾಸ್, ಭೇಷ್, ಅಭಿನಂದನೆ, ಹೊಗಳಿಕೆ. ಗಳಿಸು, ತಂದುಕೊಡು, "ಅದರಲ್ಲಿ ಕೂಡೋಸ್ ಇದೆ" ಎಂಬ ಧಾಟಿ ಇದ್ದರೆ ಅದು ಹಳೆಯ ಅರ್ಥ: ಹೆಸರು, ಮರ್ಯಾದೆ, ಪ್ರತಿಷ್ಠೆ. ಕೀರ್ತಿ ಎಂಬ ಪದ ಈಗಿನ ಬಹುಪಾಲು ವಾಕ್ಯಗಳಿಗೆ ಭಾರವಾಗುತ್ತದೆ. ಹೋಮರನನ್ನೇ ಅನುವಾದಿಸುತ್ತಿದ್ದರೆ ಬೇರೆ ಮಾತು.

ಪದದ ಬೆನ್ನು ಹತ್ತಿ ಮರುಪ್ರಶ್ನೆ:

ಕೊನೆಯದಾಗಿ ಎರಡು ವಾಕ್ಯ. ಒಂದು: "ದೇರ್ ಈಸ್ ನಾಟ್ ಮಚ್ ಕೂಡೋಸ್ ಇನ್ ವಿನ್ನಿಂಗ್ ಅನ್‌ಅಪೋಸ್ಡ್". ಇನ್ನೊಂದು: "ಕೂಡೋಸ್ ಟು ದ ನರ್ಸಸ್ ಹೂ ಸ್ಟೇಯ್ಡ್". ಕನ್ನಡದಲ್ಲಿ ಹೇಗೆ ಹೇಳುವಿರಿ?

ಕರಡು ತಿದ್ದುವವಳು ಉತ್ತರ:

ಮೊದಲನೆಯದು: "ಎದುರಾಳಿಯೇ ಇಲ್ಲದೆ ಗೆದ್ದರೆ ಅದರಲ್ಲಿ ದೊಡ್ಡ ಹೆಸರೇನೂ ಇಲ್ಲ." ಹೆಗ್ಗಳಿಕೆ ಎಂದೂ ಹಾಕಬಹುದು, ನನಗೆ ಅದು ಇನ್ನೂ ಹಿಡಿಸುತ್ತದೆ. ಈ ವಾಕ್ಯದಲ್ಲಿ "ಮಚ್" ಬಂದಿದೆ, ಅಂದರೆ ಬರೆದವರು ಹಳೆಯ ಏಕವಚನವನ್ನೇ ಹಿಡಿದಿದ್ದಾರೆ.

ಎರಡನೆಯದಕ್ಕೆ ಶಹಬ್ಬಾಸ್ ಹಗುರವಾಗುತ್ತದೆ. ಕಷ್ಟದಲ್ಲಿ ಕೈಬಿಡದೆ ನಿಂತವರ ಮಾತು ಅದು. "ಬಿಟ್ಟುಹೋಗದೆ ಉಳಿದ ನರ್ಸ್‌ಗಳನ್ನು ಮೆಚ್ಚಲೇಬೇಕು" ಎಂದು ಕ್ರಿಯಾಪದಕ್ಕೆ ತಿರುಗಿಸಿ. ಕನ್ನಡದಲ್ಲಿ ಮೆಚ್ಚುಗೆ ನಾಮಪದವಾಗಿ ನಿಂತರೆ ಸರ್ಕಾರಿ ಪತ್ರದ ವಾಸನೆ ಬರುತ್ತದೆ, ಕ್ರಿಯಾಪದವಾದರೆ ಜೀವ ಬರುತ್ತದೆ.